ಇಪ್ಪತ್ಮೂರು ಕಿಲೋ ಬಿಗಿ

ದೋಹಾದ ಟೆನಿಸ್ ಅಂಗಳದ ಹಿಂದೆ ಕಿಟಕಿಯಿಲ್ಲದ ಕೋಣೆ,
ಮೂರು ಯಂತ್ರ, ಒಂದು ಗಡಿಯಾರ.
ರ‍್ಯಾಕೆಟ್ಟಿಗೆ ತಂತಿ ಬಿಗಿಯುವುದು ನನ್ನ ಕೆಲಸ.
ಉದ್ದಕ್ಕೆ ಹದಿನಾರು, ಅಡ್ಡಕ್ಕೆ ಹತ್ತೊಂಬತ್ತು;
ನಾನಿನ್ನೂ ಹಾಸು, ಹೊಕ್ಕು ಎಂದೇ ಎಣಿಸುತ್ತೇನೆ.
ಗುಳೇದಗುಡ್ಡದಲ್ಲಿ ಅಪ್ಪ ಖಣ ನೇಯುತ್ತಿದ್ದ ಕುಣಿಮಗ್ಗದ ಲೆಕ್ಕ
ಬೆರಳಲ್ಲಿ ಉಳಿದುಬಿಟ್ಟಿದೆ, ಲಾಳಿ ಮಾತ್ರ ಇಲ್ಲ.

ಒಂದನೇ ನಂಬರಿನವನವು ಬರುವುದು ಎಂಟೆಂಟು,
ಒಂದೇ ಬಸಿರಲ್ಲಿ ಹುಟ್ಟಿದಂಥವು, ಜೊತೆಗೊಂದು ಚೀಟಿ:
ನಾಲ್ಕಕ್ಕೆ ಇಪ್ಪತ್ನಾಲ್ಕು ಕಿಲೋ, ನಾಲ್ಕಕ್ಕೆ ಅರ್ಧ ಕಮ್ಮಿ.
ಆಡುವುದು ಎರಡರಲ್ಲಿ. ಐವತ್ತೆಂಟು ನಿಮಿಷಕ್ಕೆ ಆಟ ಮುಗಿದಿರುತ್ತದೆ.
ಉಳಿದಾರು ಮರುದಿನ ಹಾಗೇ ವಾಪಸು,
ಚೆಂಡಿನ ಒಂದೆಳೆ ನಾರೂ ತಾಗದ ತಂತಿ.
ಕತ್ತರಿಸಿ, ಹೊಸದು ಹಾಕಿ ಎನ್ನುತ್ತದೆ ಚೀಟಿ.
ಟಪ್ಪೆನ್ನುವ ಆ ಸದ್ದಿಗೆ ಮೊದಲ ವರ್ಷ ಬೆಚ್ಚುತ್ತಿದ್ದೆ.
ಈಗಿಲ್ಲ. ಈಗಲೂ, ಸ್ವಲ್ಪ.

ನೂರಾ ಎಪ್ಪತ್ತನೆಯವನು ತಾನೇ ಬರುತ್ತಾನೆ,
ಒಂದೇ ಒಂದು ಹಿಡಿದು. ಸಮುದ್ರವಿಲ್ಲದ ಯಾವುದೋ ದೇಶದವ.
'ಅಡ್ಡದ್ದು ಮಾತ್ರ ಬದಲಿಸಿದರೆ ಎಷ್ಟಾಗುತ್ತೆ?'
ಹಾಗೆ ಮಾಡಬಾರದು, ಚೌಕಟ್ಟು ಸೊಟ್ಟಗಾಗುತ್ತೆ, ಅಂದೆ.
'ಆಗಲಿ. ಇನ್ನೆಷ್ಟು ದಿನ ಆಡೋನು ನಾನು?'

ಪಕ್ಕದ ಯಂತ್ರದ ರಮೀಝ್, ಸಿಯಾಲ್‌ಕೋಟಿನವ, ನಗುತ್ತಾನೆ:
'ಅವನನ್ನ ನೋಡೋಕೆ ಯಾರು ಬರ್ತಾರೆ ಮಾರಾಯ?
ಆ ಇಬ್ಬರು ಮೂವರಿಂದಲೇ ಈ ದೀಪ, ಈ ಗ್ಯಾಲರಿ,
ನಿನ್ನ ಓವರ್‌ಟೈಮು.
ಒಬ್ಬನೇ ಗೆಲ್ತಾ ಇದ್ದರೆ ತಾನೇ
ಅವನು ಸೋಲೋ ದಿನಕ್ಕೆ ಜನ ಕಾಯೋದು?
ದಿನಕ್ಕೊಬ್ಬ ರಾಜ ಆದರೆ ಹೆಸರು ನೆನಪಿಡೋರು ಯಾರು?'

ಸುಳ್ಳಲ್ಲ. ರಾತ್ರಿ ಇಂಡಸ್ಟ್ರಿಯಲ್ ಏರಿಯಾದ ರೂಮಿನಲ್ಲಿ
ಆರು ಮಂದಿಗೆ ಒಂದೇ ಮೊಬೈಲು;
ನಾನೂ ಅವನ ಹೊಡೆತಕ್ಕೇ ಆಹಾ ಎನ್ನುತ್ತೇನೆ,
ಆ ತಂತಿ ನಂದು ಕಣೋ ಎಂದು ಪಕ್ಕದವನ ತೊಡೆ ತಟ್ಟುತ್ತೇನೆ.

ಗುರುವಾರ ಅವನಿಗೆ ಮೊಣಕೈ ನೋವು. ವಿಮಾನ ಹತ್ತಿದ.
ಮಧ್ಯಾಹ್ನವೇ ಟಿಕೆಟ್ ಕಿಟಕಿಯೆದುರು ಹಣ ವಾಪಸಿನ ಸಾಲು.
ಸಂಜೆ ಸೂಪರ್‌ವೈಸರ್ ಪಟ್ಟಿಯಲ್ಲಿ ನನ್ನ ಹೆಸರಿಗೆ ಗೆರೆ ಎಳೆದ:
ನಾಳೆ ಇಬ್ಬರು ಸಾಕು.
ರಮೀಝ್ ನನ್ನತ್ತ ನೋಡಲಿಲ್ಲ.
ನೋಡಿದ್ದರೆ, ಹೇಳಿದ್ದೆನಲ್ಲ ಎಂದಂತಾಗುತ್ತಿತ್ತು.

ಅವತ್ತು ಅವನೆದುರು ಆಡಬೇಕಿದ್ದವ ನೂರಾ ಎಪ್ಪತ್ತನೆಯವನೇ.
ಆಡದೆ ಗೆದ್ದು, ಕದ್ದವನ ಮುಖ ಹೊತ್ತು ಬಂದ.
'ಸೋತರೂ ಸರಿ, ಒಂದ್ಸಲ ಆ ಚೆಂಡು ತಗೋಬೇಕಿತ್ತು,
ಎಷ್ಟು ಭಾರ ಅಂತ.'
ದೊಡ್ಡವನ ರೀಲಿನಲ್ಲಿ ಹನ್ನೆರಡು ಮೀಟರು ಉಳಿದಿತ್ತು,
ಸರಿಯಾಗಿ ಒಂದಕ್ಕೆ. ರಮೀಝ್ ಚಹಾಕ್ಕೆಂದು ಎದ್ದು ಹೋದ,
ಚಹಾ ಕುಡಿಯದವ.
ಇಪ್ಪತ್ನಾಲ್ಕಕ್ಕೆ ಬಿಗಿಯಲೇ ಎಂದು ಕೇಳಿದೆ.
'ಬೇಡ. ನನ್ನ ತೋಳಿಗೆ ಇಪ್ಪತ್ಮೂರು.'

ಶುಕ್ರವಾರ ಕೆಲಸವಿಲ್ಲದ ನಾನು ಮೊದಲ ಸಲ ಕುರ್ಚಿಯಲ್ಲಿ ಕೂತೆ.
ಗ್ಯಾಲರಿಯ ತುಂಬ ಖಾಲಿ ಪ್ಲಾಸ್ಟಿಕ್ಕು, ಶಮಾಲ್ ಗಾಳಿ, ಹಲ್ಲಿನಲ್ಲಿ ಮರಳು.
ಅವನ ಹೆಸರು ಓದುವಾಗ ಮೈಕು ತಡವರಿಸಿತು: ಎರ್ಕಿನ್.
ತುಂಬಿದ ಅಂಗಳದಲ್ಲಿ ಎಂದೂ ಕೇಳಿರದದ್ದು ಕೇಳಿತು,
ಹೊಡೆದಾಗಲೆಲ್ಲ ತಂತಿಯ ದನಿ, ಒಂದಿಷ್ಟು ತಗ್ಗಿನಲ್ಲಿ,
ಒಂದಿಷ್ಟು ತಡವಾಗಿ.

ಸೋತ. ಎರಡು ಆರು, ಮೂರು ಆರು.
ಎದ್ದು ನಿಂತು ಚಪ್ಪಾಳೆ ತಟ್ಟಿದವರು ಹನ್ನೊಂದು ಮಂದಿ,
ಎಣಿಸಿದ್ದೇನೆ.
ಹನ್ನೊಂದು ಜನರಿಂದ ಕರೆಂಟು ಬಿಲ್ಲು ಕಟ್ಟಲಾಗುವುದಿಲ್ಲ,
ರಮೀಝ್ ಹೇಳುವುದಕ್ಕೆ ಮುಂಚೆಯೇ ಗೊತ್ತು ನನಗೆ.
ಕಂಪನಿ ಬಸ್ಸಿನಲ್ಲಿ ಬೆರಳ ತುದಿ ಸಣ್ಣಗೆ ಉರಿಯುತ್ತಿತ್ತು,
ತಟ್ಟಿದ್ದಕ್ಕೋ, ತಂತಿಗೋ.